ಹಾಡಿಗೊಂದು ಬಾಟಲಿ ರಕ್ತ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಈ ನಾಲ್ಕೂ ಕಡೆ ಸೇರಿಸಿ ಹುಡುಕಿದರೂ ನಿಮ್ಮ ಸಣ್ಣಜ್ಜನಷ್ಟು ಜನರ ರಕ್ತ ಹೀರಿದ ಪ್ರಾಣಿ ಇನ್ನೊಂದು ಸಿಗುವುದಿಲ್ಲ. ಸೊಳ್ಳೆ, ತಿಗಣೆಗಳನ್ನೂ ಲೆಕ್ಕಕ್ಕೆ ಹಿಡಿದೇ ಹೇಳುತ್ತಿದ್ದೇನೆ. ಸೊಳ್ಳೆಯಾದರೂ ಕಚ್ಚುವ ಮೊದಲು ಕಿವಿಯ ಹತ್ತಿರ ಚೂರೇ ಹಾಡಿ ಬಿಡುತ್ತದೆ. ಇವನು ಪಲ್ಲವಿ, ಮೂರು ಚರಣ, ನಡುನಡುವೆ ಹಾಡು ಕೇಳಿದವರ ಹೆಸರು, ಊರು ಎಲ್ಲವನ್ನೂ ಮುಗಿಸಿ, ಚಪ್ಪಾಳೆಯನ್ನೂ ಹೊಡೆಸಿ, ಆಮೇಲೆ ಸೂಜಿ ಚುಚ್ಚಿಸುತ್ತಾನೆ!

ಅವನು ನಿಮ್ಮ ಅಜ್ಜನ ತಮ್ಮ, ನನಗೆ ಮೈದುನ. ಜಮಖಂಡಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಅವನ ವಾಸ. ವಾಸ ಎನ್ನುವುದು ಮಾತಿಗೆ. ಅವನ ಚೀಲ ಅಲ್ಲಿರುತ್ತದೆ, ಅವನು ಇರುವುದಿಲ್ಲ. ಕಳೆದ ವರ್ಷ ಡಾಕ್ಟರು ಅವನ ಗಂಟಲಿನಲ್ಲಿ ಒಂದು ಗಂಟು ಕಂಡು, ಕೊಯ್ದು ತೆಗೆದು, ಎರಡು ವಾರ ಒಂದಕ್ಷರವನ್ನೂ ಆಡಬಾರದು, ಆಡಿದರೆ ಮುಂದೆ ಹಾಡುವುದನ್ನು ಮರೆಯಬೇಕು ಎಂದುಬಿಟ್ಟರು. ಆ ಎರಡು ವಾರದ ನಡುವೆಯೇ ಬನಹಟ್ಟಿಯ ಒಂದು ಕೂಸಿಗೆ ರಕ್ತ ಬೇಕಾಯಿತು. ಅವನು ಬಾಯಿ ಬಿಟ್ಟರೆ ಅವನ ಹಾಡು ಹೋಗುತ್ತಿತ್ತು. ಬಿಡದಿದ್ದರೆ ಕೂಸಿನ ಗತಿ ಏನು? ಅದನ್ನೇ ಹೇಳಬೇಕೆಂದು ಕುಳಿತಿದ್ದೇನೆ. ನಾಲ್ಕು ಜನ ಸೇರಿದರೆ ಅಡುಗೆಮನೆ ಸೇರುವವಳು ನಾನು, ಬಾಯಿಯಿಂದ ಹೇಳುವುದು ನನಗಾಗದ ಮಾತು. ಸಾವಳಗಿಯ ಶಾಲೆಯಲ್ಲಿ ಏಳನೆಯ ಇಯತ್ತೆ ಕಲಿತ ಕೈಯಿಂದ ಬರೆದು ಕೊಡುತ್ತಿದ್ದೇನೆ. ಮೊಮ್ಮಕ್ಕಳಾದ ನೀವು ನಕ್ಕರೂ ನನ್ನ ಎದುರಿಗೆ ನಗುವುದಿಲ್ಲವಲ್ಲ, ಅಷ್ಟು ಸಾಕು.

ಮೊದಲು ಅವನ ಚಡಪಡಿಕೆ ಗೊತ್ತಾಗಬೇಕು. ಮುಧೋಳದ ಬೇಟೆ ನಾಯಿಯನ್ನು ನೋಡಿದ್ದೀರಿ. ಒಳಸೇರಿದ ಹೊಟ್ಟೆ, ಉದ್ದನೆಯ ಕಾಲು, ನಿಂತಾಗಲೂ ಓಡುತ್ತಿರುವಂತೆ ಕಾಣುತ್ತದೆ. ಇವನೂ ಹಾಗೆಯೇ, ಮೈಮೇಲೆ ಅಂಗಿ ಇರುತ್ತದೆ ಅಷ್ಟೆ. ತಾಟನ್ನು ಕೈಯಲ್ಲಿ ಹಿಡಿದು ಪಡಸಾಲೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ಪಡಸಾಲೆಗೆ ನಡೆಯುತ್ತ ಊಟ ಮಾಡುತ್ತಾನೆ. ರೊಟ್ಟಿ ಪಡಸಾಲೆಯಲ್ಲಿ ಮುಗಿದರೆ ಮಜ್ಜಿಗೆ ಹಿತ್ತಲಿನಲ್ಲಿ. ಕಟಿಂಗ್ ಅಂಗಡಿಯವನು ಅವನ ಕ್ಷೌರವನ್ನು ಮೂರು ಕಂತಿನಲ್ಲಿ ಮುಗಿಸುತ್ತಾನೆ. ಒಮ್ಮೆ ಎಡಗಡೆ ಮಾತ್ರ ಕತ್ತರಿಸಿಕೊಂಡು ಎದ್ದು ಬೀಳಗಿಗೆ ಹೋಗಿ, ಒಬ್ಬ ಬಸುರಿಯ ಕುಬಸದ ಕಾರ್ಯದಲ್ಲಿ ಹಾಡಿ ಬಂದ. ಆ ಕಡೆ ಕುಳಿತವರು ಒಬ್ಬ ಗಾಯಕನನ್ನು ಕಂಡರು, ಈ ಕಡೆ ಕುಳಿತವರು ಇನ್ನೊಬ್ಬನನ್ನು! ನಮ್ಮ ಮನೆಯ ಫೋಟೋಗಳಲ್ಲಿ ಎಲ್ಲರಿಗೂ ಮುಖವಿದೆ, ಅವನಿಗೆ ಮಾತ್ರ ಹೊಗೆ ಇದೆ. ನನ್ನ ಮದುವೆಯ ಫೋಟೋದಲ್ಲಿ ನಿಮ್ಮ ಅಜ್ಜನ ಹೆಗಲ ಹಿಂದೆ ಬಿಳಿಯ ಮೋಡದಂಥದ್ದು ಏನೆಂದು ಕೇಳುತ್ತಿದ್ದಿರಲ್ಲ, ಅದೇ ಅವನು. ಆಗ ಹನ್ನೆರಡು ವರ್ಷದವನು.

ಬನಹಟ್ಟಿಯಲ್ಲಿ ನನ್ನ ಅತ್ತೆಯ ತವರು. ಸಣ್ಣವನಿದ್ದಾಗ ಇವನು ಅಲ್ಲಿಯೇ ಹೆಚ್ಚು ಬೆಳೆದ. ಆ ಓಣಿಯಲ್ಲಿ ಮನೆಮನೆಗೂ ಮಗ್ಗ. ಮಗ್ಗದ ಸದ್ದನ್ನು ಮೀರಿ ಕೂಗಿದವರಿಗೆ ಮಾತ್ರ ಊಟ ಸಿಗುತ್ತಿತ್ತಂತೆ. ಅದಕ್ಕೇ ಆ ದನಿ. ಇಂಪು ಎಂದು ಹೇಳಲಾರೆ, ಸುಳ್ಳು ಬರೆಯಲು ನನಗೆ ಬರುವುದಿಲ್ಲ. ಅವನು ಜೋಗುಳ ಹಾಡಿದರೆ ಮಲಗಿದ್ದ ಕೂಸು ಎದ್ದು ಕುಳಿತು ಸುತ್ತ ನೋಡುತ್ತಿತ್ತು. ಆದರೆ ಒಮ್ಮೆ ಕೇಳಿದ ಹಾಡು ಎಂಟು ದಿನ ಮನೆ ಬಿಟ್ಟು ಹೋಗುತ್ತಿರಲಿಲ್ಲ. ಹಾಡುಗಳನ್ನೂ ತಾನೇ ಕಟ್ಟುತ್ತಿದ್ದ, ಅಡ್ಡಾಡುತ್ತಲೇ.

ಮುಧೋಳದ ಕಡೆ ಒಂದು ಸಕ್ಕರೆ ಕಾರ್ಖಾನೆಯಲ್ಲಿ, ಕಬ್ಬು ತೂಗುವ ಕಾಟಾದ ಮೇಲೆ ಅವನಿಗೆ ಕೆಲಸ ಸಿಕ್ಕಿತು. ಟ್ರ್ಯಾಕ್ಟರಿನ ನಂಬರು ಕೂಗಲು ಅಲ್ಲೊಂದು ಮೈಕು. ಇಂಥವನ ಕೈಗೆ ಮೈಕು ಕೊಟ್ಟದ್ದು ಯಾರ ತಪ್ಪು ಹೇಳಿ? ಮೊದಲು ನಂಬರನ್ನು ರಾಗವಾಗಿ ಕೂಗಿದ. ಆಮೇಲೆ ನಂಬರಿನ ಹಿಂದೆ ಒಂದು ಸಾಲು ಹಾಡು ಹಚ್ಚಿದ. ಆ ಹಂಗಾಮು ಮುಗಿಯುವಷ್ಟರಲ್ಲಿ ನಂಬರು ಬಿದ್ದುಹೋಗಿ ಹಾಡು ಮಾತ್ರ ಉಳಿಯಿತು. ತೂಕವಾದ ಟ್ರ್ಯಾಕ್ಟರಿನವರು ಮುಂದೆ ಸರಿಯಲೊಲ್ಲರು. ಮ್ಯಾನೇಜರು ಓಡಿ ಬಂದರಂತೆ.

"ಏನ್ರಿ ಇದು? ಅಲ್ಲಿ ಕಬ್ಬು ಒಣಗಾಕತ್ತೈತಿ, ನೀವಿಲ್ಲಿ ಚರಣ ಹಾಡಾಕತ್ತೀರಿ?"

"ಎರಡ ಚರಣ ಉಳದಾವ್ರಿ ಸಾಹೇಬ್ರ. ಹಿಂಗ ನೆರಳಿಗಿ ಬಂದು ನಿಂತು ಕೇಳ್ರಿ."

ಮ್ಯಾನೇಜರು ನೆರಳಿಗೆ ಬಂದು ನಿಂತು ಕೇಳಿದರು. ಅದೇ ವರ್ಷ ತಮ್ಮ ಮಗಳ ಮದುವೆಯಲ್ಲಿ ಹಾಡಲು ಇವನನ್ನೇ ಕರೆದರು. ಅಲ್ಲಿಂದ ಮುಂದೆ ಮದುವೆ, ತೊಟ್ಟಿಲು, ಮನೆ ಶಾಂತಿ, ಯಾವುದನ್ನೂ ಬಿಡಲಿಲ್ಲ. ಜನ ಅವನ ಹೆಸರು ಮರೆತು ಮೈಕ್ ಕಾಕಾ ಎಂದು ಕರೆಯತೊಡಗಿದರು.

ಇಷ್ಟು ಮದುವೆಗಳಲ್ಲಿ ಹಾಡಿದವನು ತನ್ನ ಮದುವೆ ಮಾಡಿಕೊಳ್ಳಲಿಲ್ಲ. ನಾವು ಬಿಟ್ಟಿರಲಿಲ್ಲ, ಹೆಣ್ಣು ನೋಡಲು ಮೂರು ಮನೆಗೆ ಕರೆದುಕೊಂಡು ಹೋಗಿದ್ದೆವು. ಮೂರೂ ಕಡೆ ಅವಲಕ್ಕಿ ಬರುವ ಮೊದಲೇ ಎದ್ದು ಅಂಗಳದಲ್ಲಿ ಅಡ್ಡಾಡತೊಡಗಿದ. ಮೂರನೆಯ ಮನೆಯ ಹಿರಿಯರು ನಿಮ್ಮ ಅಜ್ಜನನ್ನು ಮೆಲ್ಲಗೆ ಕೇಳಿದರು, "ಹುಡುಗಗ ಬಸ್ಸಿಗಿ ಹೊತ್ತಾಗೇತೇನ್ರಿ?"

ರಕ್ತದ ಹುಚ್ಚು ಹತ್ತಿದ್ದು ಎಂಟು ವರ್ಷದ ಹಿಂದೆ, ಬನಹಟ್ಟಿಯ ಒಂದು ಮದುವೆಯಲ್ಲಿ. ಅಲ್ಲಿ ನಾನೂ ಇದ್ದೆ, ಕಂಬದ ಹಿಂದೆ. ನಮ್ಮ ಕಡೆ ಹಾಡುವವರಿಗೆ ಆಯೇರಿ ಮಾಡುವ ಪದ್ಧತಿ ಉಂಟು. ಹಾಡು ಮೆಚ್ಚಿದವರು ಎದ್ದು ಬಂದು ನೋಟು ಕೊಡುತ್ತಾರೆ, ಹಾಡುವವನು ಅವರ ಹೆಸರು, ಊರು ಹೇಳಿ ಮೈಕಿನಲ್ಲಿ ಕೂಗುತ್ತಾನೆ. ಹಾಡು ಯಾರಿಗೆ ಬೇಕು? ಬೀಗರ ಮುಂದೆ ಹೆಸರು ಕೇಳಿಸಿದರೆ ಸಾಕು ಎಂದು ಕೊಡುವವರೇ ಬಹಳ.

ಆ ದಿನ ಎರಡು ಹಾಡುಗಳ ನಡುವೆ ಒಬ್ಬ ಹೆಣ್ಣುಮಗಳು ವೇದಿಕೆಯ ಹತ್ತಿರ ಬಂದು ನಿಂತಳು. ಮಗ್ಗದ ಮನೆಯವಳು, ದಿನವೆಲ್ಲ ನೂಲು ಸುತ್ತುವವಳು. ಸೀರೆಯ ತುಂಬ ಹತ್ತಿಯ ಎಳೆ ಅಂಟಿತ್ತು. ಕಂಕುಳಲ್ಲಿ ಬಿಳಿಚಿಕೊಂಡ ಒಂದು ಹೆಣ್ಣು ಕೂಸು.

"ಅಣ್ಣಾ, ನಿಮ್ಮ ಮೈಕಿನಾಗ ಒಂದು ಮಾತು ಹೇಳ್ತೀರೇನ್ರಿ?"

"ಯಾವ ಹಾಡು ಬೇಕವ್ವಾ?"

"ಹಾಡು ಬ್ಯಾಡ್ರಿ. ಕೂಸಿಗಿ ರಕ್ತ ಬೇಕಾಗೇತಿ."

ಆ ಕೂಸಿನ ಮೈಯಲ್ಲಿ ರಕ್ತ ತಾನಾಗಿ ಸಾಕಷ್ಟು ಹುಟ್ಟುವುದಿಲ್ಲ. ಡಾಕ್ಟರು ಅದನ್ನು ಥಲಸ್ಸೇಮಿಯಾ ಎನ್ನುತ್ತಾರೆ. ಮೂರು ವಾರಕ್ಕೊಮ್ಮೆ ಬೇರೆಯವರ ರಕ್ತ ಕೊಡಿಸಬೇಕು, ಒಂದು ಸಲಕ್ಕೆ ಮುಗಿಯುವ ಮಾತಲ್ಲ. ಅದರ ಮೇಲೆ ಕೂಸಿನ ಗುಂಪು ಓ ನೆಗೆಟಿವ್, ಹುಡುಕಿದರೂ ಬೇಗ ಸಿಗದಂಥದ್ದು.

ಇವನು ಮೈಕಿನಲ್ಲಿ ಹೇಳಿದ. ಉಣ್ಣುತ್ತಿದ್ದವರೆಲ್ಲ ಕೇಳಿದರು, ಪಾಪ ಎಂದರು, ಇನ್ನಷ್ಟು ಬುಂದೆ ಹಾಕಿಸಿಕೊಂಡರು. ಒಬ್ಬರೂ ಏಳಲಿಲ್ಲ. ಅಷ್ಟರಲ್ಲಿ ವರನ ಸೋದರಮಾವ ನೋಟು ಹಿಡಿದುಕೊಂಡು ಬಂದು, ಕುಣಿಯುವಂಥ ಹಾಡು ಬೇಕು ಎಂದ. ಇವನು ಆ ನೋಟನ್ನು ಅವನ ಕಿಸೆಗೇ ತಿರುಗಿ ಇಟ್ಟು ಮೈಕು ಎತ್ತಿದ.

"ವರನ ಸೋದರಮಾವನವರು, ಬೀಳಗಿಯವರು, ಈ ಹಾಡಿಗಿ ಒಂದು ಬಾಟ್ಲಿ ರಕ್ತ ಆಯೇರಿ ಮಾಡ್ಯಾರ್ರಿ. ಎಲ್ಲಾರೂ ಚಪ್ಪಾಳಿ ಹೊಡೀರಿ."

"ಏ, ನಾ ಯಾವಾಗ ಅಂದೆ?"

ಮಾವ ಹಾಗೆನ್ನುವಷ್ಟರಲ್ಲಿ ಬೀಗರು ಎದ್ದು ನಿಂತು ಚಪ್ಪಾಳೆ ಹೊಡೆದಾಗಿತ್ತು. ಬೀಗರು ಚಪ್ಪಾಳೆ ಹೊಡೆದ ಮೇಲೆ ಹಿಂದೆ ಸರಿಯುವ ಗಂಡಸು ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಇನ್ನು ಹೆಣ್ಣಿನ ಕಡೆಯವರು ಕಡಿಮೆಯಾಗಲು ಬರುತ್ತದೆಯೇ? ಅವರು ಎರಡು ಬಾಟಲಿ ಕೂಗಿಸಿದರು. ಗಂಡಿನ ಕಡೆಯವರು ಮೂರು ಎಂದರು. ನಿಮ್ಮ ಅಜ್ಜ ಕರೆಂಟ್ ಆಫೀಸಿನಲ್ಲಿ ಕಾರಕೂನರು, ಮರ್ಯಾದೆಗೆ ಬಹಳ ಅಂಜುವವರು. ವೇದಿಕೆಯ ಪಕ್ಕಕ್ಕೆ ಹೋಗಿ ತಮ್ಮನ ಅಂಗಿ ಜಗ್ಗಿದರು.

"ಲೇ, ಕಾರ್ಯಕ್ಕ ಬಂದ ಮಂದಿ ಮರ್ಯಾದಿ ತಗೀಬ್ಯಾಡ."

"ಮರ್ಯಾದಿ ಅವರ ಹಂತ್ಯಾಕ ಇರಲಿ ಅಣ್ಣಾ. ನನಗ ಬಾಟ್ಲಿ ಸಾಕು. ನಿಂದೂ ಒಂದು ಬರೀಲೇನು?"

ಮರುದಿನ ಮುಂಜಾನೆ ಹೆಸರು ಕೂಗಿಸಿದವರ ಬಾಗಿಲಿಗೆ ಹೋಗಿ ಗಾಡಿಯ ಹಾರ್ನು ಹೊಡೆಯುತ್ತ ನಿಂತ. ಹಿಂದಿನ ಸೀಟಿನಲ್ಲಿ ಮುಖ ಸಣ್ಣಗೆ ಮಾಡಿಕೊಂಡು ಕುಳಿತು ಆಸ್ಪತ್ರೆಗೆ ಹೋದವರಲ್ಲಿ ನಿಮ್ಮ ಅಜ್ಜನೂ ಒಬ್ಬರು. ಕೂಸಿಗೆ ಹೊಂದದ ಗುಂಪಿನ ರಕ್ತ ಬೇರೆ ರೋಗಿಗಳಿಗಾಯಿತು. ಅಂದಿನಿಂದ ಅದೇ ರೂಢಿಯಾಯಿತು. ಈಗ ನಮ್ಮ ಕಡೆ ಮದುವೆ ಮುಗಿದ ಮೇಲೆ ಹೆಂಗಸರು, ಊಟ ಹೇಗಿತ್ತು ಎಂದು ಆಮೇಲೆ ಕೇಳುತ್ತಾರೆ, ಎಷ್ಟು ಬಾಟಲಿ ಆಯಿತು ಎಂದು ಮೊದಲು ಕೇಳುತ್ತಾರೆ.

ಹೀಗೆ ಹಾಡಿ ಹಾಡಿ, ವರ್ಷಗಳ ಮೇಲೆ, ಕೂಸಿನ ಗುಂಪಿನವರು ಅವನಿಗೆ ಆರು ಜನ ಸಿಕ್ಕರು. ಒಮ್ಮೆ ಕೊಟ್ಟವರು ಮೂರು ತಿಂಗಳು ಕೊಡುವಂತಿಲ್ಲ. ಆದ್ದರಿಂದ ಸರದಿಯ ಮೇಲೆ ಅವರನ್ನು ಕರೆಯುತ್ತಿದ್ದ, ನಡುವೆ ಕಡಿಮೆ ಬಿದ್ದರೆ ದೂರದ ರಕ್ತನಿಧಿಗಳಿಗೆ ಅಲೆಯುತ್ತಿದ್ದ. ಇಷ್ಟು ಮುಖ್ಯವಾದ ಜನರ ಹೆಸರುಗಳನ್ನು ಇವನು ಹೇಗೆ ಬರೆದಿ‍ಟ್ಟುಕೊಂಡಿದ್ದ ಎಂದುಕೊಂಡಿರಿ? ಬರೆದೇ ಇರಲಿಲ್ಲ! ಅವನಿಗೆ ಹೆಸರು ನೆನಪಿರುವುದಿಲ್ಲ, ಹಾಡು ನೆನಪಿರುತ್ತದೆ. ಕೋಣೆಯ ಮೊಳೆಗೆ ತೂಗುಹಾಕಿದ ನೋಟುಬುಕ್ಕಿನಲ್ಲಿ 'ತಾಯಿ ಹಾಡು, ಬೀಳಗಿ', 'ಕುದುರಿ ಹಾಡು, ರನ್ನ ಬೆಳಗಲಿ', 'ಅಳೂ ಹಾಡು, ಮುಧೋಳ' ಎಂದು ಬರೆದು ಮುಂದೆ ಫೋನ್ ನಂಬರು. ಮನೆಯ ಫೋನಿನ ಮುಂದೆ 'ಹಾಡಿಲ್ಲ' ಎಂದು ಬರೆದಿದ್ದ. ಅದು ನಾನು.

ಫೋನು ಹಚ್ಚಿದರೆ ಹಲೋ ಎನ್ನುವ ಪದ್ಧತಿಯೂ ಅವನಿಗಿಲ್ಲ. ಆ ಕಡೆಯವರ ಹಾಡಿನ ಮೊದಲ ಸಾಲನ್ನು ದೊಡ್ಡ ದನಿಯಲ್ಲಿ ಹಾಡುತ್ತಾನೆ. ಅವರು "ಬಂದ್ನಿರಿ ಕಾಕಾ" ಎನ್ನುತ್ತಾರೆ. ಮಾತು ಮುಗಿಯಿತು. ಮೂರು ತಿಂಗಳಿಗೊಂದು ಫೋನನ್ನು ಯಾವುದೋ ಮಂಟಪದಲ್ಲಿ ಮರೆತು ಬರುವುದರಿಂದ ಅವನ ನಂಬರು ಬದಲಾಗುತ್ತಲೇ ಇರುತ್ತದೆ. ಅದನ್ನು ಉಳಿಸಿಕೊಳ್ಳುವುದನ್ನು ಜನ ಎಂದೋ ಬಿಟ್ಟಿದ್ದರು. ಯಾಕೆ ಬೇಕು? ಹಾಡು ಬಂದರೆ ಯಾರೆಂದು ತಿಳಿಯುತ್ತಿತ್ತು.

ಇಂಥವನ ದನಿ ಒಡೆಯಿತು. ನಾನೇ ಜೊತೆಗೆ ಡಾಕ್ಟರ ಹತ್ತಿರ ಹೋದೆ. ಹೋಗದಿದ್ದರೆ ಅರ್ಧ ದಾರಿಯಿಂದ ಬೇರೆ ಯಾವುದೋ ಊರಿಗೆ ತಿರುಗಿಬಿಡುತ್ತಿದ್ದ.

"ಎಷ್ಟು ದಿನದಿಂದ ಹಿಂಗಾಗೇತ್ರಿ?" ಡಾಕ್ಟರು ಕೇಳಿದರು.

"ಯುಗಾದಿಯಿಂದ್ರಿ."

"ಮತ್ತ ಆವಾಗ್ಯಾಕ ಬರಲಿಲ್ಲ?"

"ಲಗ್ನದ ಸೀಜನ್ ಇತ್ರಿ."

ಗಂಟು ತೆಗೆದ ಮೇಲೆ ಡಾಕ್ಟರು ಎರಡು ವಾರದ ಕಟ್ಟಳೆ ಹಾಕಿದರು. ಮಾತು ಇಲ್ಲ, ಪಿಸುಮಾತೂ ಇಲ್ಲ, ಧೂಳಿನಲ್ಲಿ ತಿರುಗುವಂತಿಲ್ಲ. ಮೂರು ತಿಂಗಳು ಹಾಡಿನ ಸುದ್ದಿಯೇ ಬೇಡ. ಇವನು ಮನೆಯಿಂದ ತಂದಿದ್ದ ಪಾಟಿಯ ಮೇಲೆ ಬಳಪದಿಂದ ಬರೆದು ತೋರಿಸಿದ: 'ತಾಳ ಹಾಕಬಹುದೇನ್ರಿ?' ಡಾಕ್ಟರು ಅದನ್ನು ಓದಿ ನನ್ನ ಕಡೆ ತಿರುಗಿದರು. "ಇವರನ್ನ ಹದಿನಾಲ್ಕು ದಿನ ನೀವು ನೋಡಿಕೋತೀರೇನ್ರಿ ಅವ್ವಾರ?" ನಾನು ತಲೆಯಾಡಿಸಿದೆ. ತಲೆಯಾಡಿಸುವುದು ಸುಲಭ.

ಮನೆಗೆ ಬಂದ ಮೊದಲ ದಿನವೇ ಮೂರು ಬಳಪ ಮುಗಿಸಿದ. ಸಾರಿಗೆ ಉಪ್ಪು ಕಡಿಮೆ ಎಂದು ಪಾಟಿಯ ತುಂಬ ಬರೆದು, ನಾನು ಒಲೆಯ ಕಡೆ ಮುಖ ಮಾಡಿದ್ದರಿಂದ ಕಾಣಲಿಲ್ಲವೆಂದು, ಪಾಟಿಯನ್ನು ಸೌಟಿನಿಂದ ಬಡಿದ. ಎರಡನೆಯ ದಿನ ಪಾಟಿ ಒಡೆಯಿತು. ಹೊಸದು ತಂದೆವು. ಕಾಲು ಮಾತ್ರ ನಿಲ್ಲಲಿಲ್ಲ, ಅಂಗಳದಲ್ಲಿ ಅವನು ನಡೆದ ಜಾಗ ಕಾಲುದಾರಿಯಂತೆ ಹೊಳೆಯತೊಡಗಿತು. ಕಾಯಿಪಲ್ಯ ಮಾರುವ ಅಜ್ಜಿ ಬುಟ್ಟಿ ಇಳಿಸಿ ಅವನನ್ನೇ ನೋಡಿದಳು.

"ಯಾಕಪಾ ಮೈಕ್ ಕಾಕಾ, ಕರೆಂಟ್ ಹೋಗೇತೇನು?"

ಇವನು ಪಾಟಿಯ ಮೇಲೆ 'ಗಂಟಲ ಆಪರೇಷನ್' ಎಂದು ಬರೆದು ಹಿಡಿದ.

"ನನಗ ಓದಾಕ ಬರೂದಿಲ್ಲ. ಬಾಯಿಲೇ ಹೇಳು."

ಗಂಟಲು ತೋರಿಸಿದ, ಕತ್ತರಿಯಂತೆ ಬೆರಳು ಆಡಿಸಿದ, ಕೈಮುಗಿದ. ಅಜ್ಜಿ ಬುಟ್ಟಿ ಎತ್ತಿಕೊಂಡಳು. "ಇದ್ದಾಗ ಅಷ್ಟು ಒದರಿದಿ, ಈಗ ಒಂದು ಮಾತು ಆಡಾಕ ಬಿಗುಮಾನ ಮಾಡ್ತಿ," ಎಂದು ಸಿಟ್ಟು ಮಾಡಿಕೊಂಡು ಹೋದಳು. ಇವನ ಕಣ್ಣಲ್ಲಿ ನೀರು ಬಂತು. ನನಗೆ ನಗು ಬಂತು, ಸೆರಗಿನಲ್ಲಿ ಮುಚ್ಚಿಕೊಂಡೆ.

ಒಂಬತ್ತನೆಯ ದಿನ, ಮಂಗಳವಾರ, ಬನಹಟ್ಟಿಯಿಂದ ಆ ಕೂಸಿನ ತಂದೆ ಬಂದ. ಮಗ್ಗದ ಕೆಲಸಕ್ಕೆ ಹೋಗದೆ ಬಂದಿದ್ದಾನೆ ಎಂದರೆ ಏನೋ ಆಗಿದೆ ಎಂದು ಅರ್ಥ. ಬಾಗಿಲಲ್ಲೇ ನಿಂತು ಹೇಳಿದ.

"ಗುರುವಾರ ಕೂಸಿನ ಸರತಿ ಐತ್ರಿ ಅಕ್ಕಾರ. ಕಾಕಾ ಮದ್ಲ ಹೇಳಿಟ್ಟಿದ್ರಲ್ಲ, ಆ ಮನಷ್ಯಾಗ ಡೆಂಗಿ ಜ್ವರ ಬಂದೈತ್ರಿ. ಆಸ್ಪತ್ರಿಯಾಗ ಆ ಗುಂಪಿಂದು ಇಲ್ಲ ಅಂದ್ರು. ಈ ಸಲ ಕೂಸು ಭಾಳ ಸೋತೈತಿ. ಎರಡು ಪಾವಟಿಗಿ ಹತ್ತಿದ್ರ ಕುಂತು ಬಿಡ್ತೈತಿ."

ಆರು ಜನರಲ್ಲಿ ಒಬ್ಬನಿಗೆ ಜ್ವರ, ಇಬ್ಬರು ಕೊಟ್ಟು ಮೂರು ತಿಂಗಳಾಗಿಲ್ಲ. ಉಳಿದವರು ಮೂವರು: ತಾಯಿ ಹಾಡು, ಕುದುರೆ ಹಾಡು, ಅಳುವ ಹಾಡು. ರಕ್ತ ತೆಗೆದು ಪರೀಕ್ಷೆ ಮಾಡಬೇಕಾದ್ದರಿಂದ ಬುಧವಾರವೇ ಯಾರಾದರೂ ಒಬ್ಬರು ಆಸ್ಪತ್ರೆಯಲ್ಲಿ ಇರಬೇಕು. "ನಾ ಹೋಗಿ ಕರಕೊಂಡು ಬರ್ಲೇನ್ರಿ?" ಎಂದ ತಂದೆ. "ಬೀಳಗಿಯಾಗ ಇಳದು ಯಾರ ಮನಿ ಕೇಳಬೇಕ್ರಿ? ಹೆಸರೇನು?" ಇವನು ಹಣೆ ಬಡಿದುಕೊಂಡ. ಪಾಟಿಯ ಮೇಲೆ 'ಟೆಂಪೊ ಹೊಡಿತಾನ. ಮನಿ ಗೊತ್ತಿಲ್ಲ' ಎಂದು ಬರೆದ.

ಮೊದಲು ಫೋನಿನಿಂದ ಮೂವರಿಗೂ ಬರೆದು ಕಳಿಸಿದ. ಒಬ್ಬರು ಕೈಮುಗಿದ ಚಿತ್ರ ಕಳಿಸಿದರು. ಇನ್ನೊಬ್ಬರು ಗುಲಾಬಿ ಹೂವು, ಅದರ ಕೆಳಗೆ ಶುಭೋದಯ. ಮೂರನೆಯವರು ನೋಡಲೇ ಇಲ್ಲ. ಆಮೇಲೆ ತನ್ನ ಹಳೆಯ ಹಾಡಿನ ಧ್ವನಿಮುದ್ರಣವನ್ನು ಫೋನಿನ ಹತ್ತಿರ ಹಚ್ಚಿದ. ಹಿಂದೆ ವಾದ್ಯಗಳೆಲ್ಲ ಇದ್ದವಲ್ಲ, ಯಾವುದೋ ಕಂಪನಿಯ ಜಾಹೀರಾತು ಎಂದು ತಿಳಿದು ಕತ್ತರಿಸಿದರು. ಕೊನೆಗೆ ಫೋನನ್ನು ನನ್ನ ಕೈಗೆ ಹಿಡಿದು ಕೈಮುಗಿದ.

ಮಕ್ಕಳೇ, ಫೋನು ಬಂದರೆ ಎತ್ತಿ ಬೇರೆಯವರಿಗೆ ಕೊಟ್ಟು ರೂಢಿಯಾದವಳು ನಾನು. ಬೀಳಗಿಯ ನಂಬರಿಗೆ ಹಚ್ಚಿದೆ. ಆ ಕಡೆ ಗಂಡಸಿನ ದನಿ, ಗಾಡಿಯ ಸದ್ದು.

"ಹಲೋ."

"ಹಲೋ, ಯಾರ್ರಿ ಮಾತಾಡೂದು?" ಎಂದೆ ನಾನು.

"ಫೋನ್ ಹಚ್ಚಿದವರು ನೀವು. ನೀವ ಹೇಳ್ರಿ."

"ಅಲ್ರಿ, ನಿಮ್ಮ ಹೆಸರು ನಮಗ ಗೊತ್ತಿಲ್ರಿ. ನಿಮ್ಮ ರಕ್ತ ಬೇಕಾಗಿತ್ತು."



"ಹೆಸರು ಗೊತ್ತಿಲ್ಲ, ರಕ್ತ ಬೇಕು. ಆಧಾರ್ ನಂಬರ್ ಬ್ಯಾಡೇನ್ರಿ? ಓಟಿಪಿ?"

"ಓಟಿಪಿ ಅಂದ್ರೇನ್ರಿ?"

"ಅವ್ವಾರ, ದನಿ ಕೇಳಿದ್ರ ವಯಸ್ಸಾಗೇತಿ ಅನಸ್ತೈತಿ. ಈ ಉದ್ಯೋಗ ಛಲೋ ಅಲ್ರಿ. ಬಿಟ್ಟ ಬಿಡ್ರಿ."

ಫೋನು ಇಟ್ಟುಬಿಟ್ಟ. ರನ್ನ ಬೆಳಗಲಿಯವನಿಗೆ ಹಚ್ಚಿ, ಈ ಸಲ ಧೈರ್ಯ ಮಾಡಿ, "ಮೈಕ್ ಕಾಕಾರ ವೈನಿ, ಅವರ ಅಣ್ಣನ ಹೆಂಡ್ತಿ ಮಾತಾಡೂದ್ರಿ, ಕಾಕಾರಿಗೆ ಮಾತಾಡೂಹಂಗಿಲ್ಲ, ಅದಕ್ಕ ನಾ ಹಚ್ಚೇನಿ" ಎಂದೆ. ಅವನು ನಕ್ಕ. "ಮೈಕ್ ಕಾಕಾ ಬ್ಯಾರೇದವರಿಗಿ ಮಾತಾಡಾಕ ಬಿಟ್ಟಾನಂತ? ಖರೆ ಅನಸೂವಂಥ ಸುಳ್ಳ ಹೇಳ್ರಿ ಬಾಯಾರ." ಮುಧೋಳದ ಫೋನು ಬಂದ್ ಇತ್ತು.

ಕೂಸಿನ ತಂದೆ ಗೋಡೆಗೆ ಒರಗಿ ಕುಳಿತುಬಿಟ್ಟಿದ್ದ. ಆಗ ಇವನು ನನ್ನ ಕೈಯಿಂದ ಫೋನು ತೆಗೆದುಕೊಂಡ. ಬೀಳಗಿಗೆ ಮತ್ತೆ ಹಚ್ಚಿದ. ಅಂಗಳದ ನಡುವೆ ನಿಂತ, ಹಾಡುವ ಮೊದಲು ಯಾವಾಗಲೂ ಮಾಡುವಂತೆ ಎದೆ ಹಿಗ್ಗಿಸಿ ಉಸಿರು ಎಳೆದುಕೊಂಡ. ಅವನ ಕೊರಳಿನ ನರ ಉಬ್ಬಿದ್ದು ಕಂಡಿತು. ಬಾಯಿ ತೆರೆದ.

ಈ ಮನೆಗೆ ಸೊಸೆಯಾಗಿ ಬಂದು ನಲವತ್ತು ವರ್ಷದ ಮೇಲಾಯಿತು, ಯಾರ ಕೈಯಿಂದಲೂ ನಾನು ಏನನ್ನೂ ಕಸಿದುಕೊಂಡವಳಲ್ಲ. ಆ ದಿನ ಫೋನನ್ನು ಕಸಿದುಕೊಂಡೆ. ಆ ಕಡೆಯವನು "ಹಲೋ, ಮತ್ತ ಯಾರು?" ಎನ್ನುತ್ತಿದ್ದ. ಏನು ಹೇಳಬೇಕು? ಹೇಳಿದರೆ ನಂಬುವುದಿಲ್ಲ. ನಾನು ಕಣ್ಣು ಮುಚ್ಚಿ ಹಾಡಿದೆ.

"ಒಲಿ ಮುಂದ ಕುಂತಾಕಿ, ಹೊಗಿಯೊಳಗ ನಕ್ಕಾಕಿ..."

ಮುಂದಿನ ಕೋಣೆಯಲ್ಲಿ ಅವನು ಆ ತಾಯಿ ಹಾಡನ್ನು ಕಟ್ಟಿ, ಕೆಡಿಸಿ, ಮತ್ತೆ ಕಟ್ಟುವಾಗ ಅಡುಗೆಮನೆಯಲ್ಲಿ ನಾನು ಎಷ್ಟು ಸಲ ಕೇಳಿದ್ದೆನೋ! ಒಂದಕ್ಷರವೂ ತಪ್ಪಲಿಲ್ಲ. ದನಿ ಮಾತ್ರ ಹಿಟ್ಟಿನ ಗಿರಣಿಯಂತೆ ಗರಗರ ಎನ್ನುತ್ತಿತ್ತು. ಆ ಕಡೆ ಗಾಡಿ ನಿಂತದ್ದು ಕೇಳಿಸಿತು.

"ಕಾಕಾಗ ಏನಾಗೇತ್ರಿ?"

"ಗಂಟಲ ಆಪರೇಷನ್ ಆಗೇತ್ರಿ. ಮಾತಾಡಿದ್ರ ದನಿ ಹೋಕ್ಕೈತಿ ಅಂದಾರ."

"ಕೂಸಿನ ಸರತಿ ಬಂತೇನ್ರಿ?"

"ಗುರುವಾರ."

"ನಾಳೆ ಹನ್ನೊಂದಕ್ಕ ಆಸ್ಪತ್ರಿಯಾಗ ಇರ್ತೇನ್ರಿ. ನಾ ಆಗಳೆ ಹಂಗ ಅಂದೆ, ಮನಸಿಗಿ ಹಚ್ಚಿಕೋಬ್ಯಾಡ್ರಿ. ಇನ್ನೊಂದು ನುಡಿ ಹಾಡ್ರೆಲಾ."

ಫೋನು ಇಟ್ಟಾಗ ನನ್ನ ಸೆರಗು ಬೆವರಿನಿಂದ ಒದ್ದೆಯಾಗಿತ್ತು. ಕೂಸಿನ ತಂದೆ ನೆಲ ಮುಟ್ಟಿ ನಮಸ್ಕರಿಸಿ ಬಸ್ಸಿಗೆ ಓಡಿದ. ಇವನು ಮಾತ್ರ ನಿಂತಲ್ಲೇ ನಿಂತು ನನ್ನನ್ನು ನೋಡುತ್ತಿದ್ದ. ಆಮೇಲೆ ಪಾಟಿ ತೆಗೆದುಕೊಂಡು ಸಣ್ಣ ಅಕ್ಷರದಲ್ಲಿ ಬರೆದ: 'ನೀವು ಹಾಡೂದನ್ನ ಅಣ್ಣ ಎಂದಾದ್ರೂ ಕೇಳಿದ್ದನೇನ್ರಿ ವೈನಿ?'

ನಿಮ್ಮ ಅಜ್ಜ ತೀರಿಕೊಂಡು ಆರು ವರ್ಷವಾಯಿತು. ಇಲ್ಲ ಎಂದು ತಲೆಯಾಡಿಸಿದೆ. ಅವನು ಅಂಗಿಯ ತೋಳಿನಿಂದ ಪಾಟಿ ಒರೆಸಿದ.

ಇನ್ನು ಒಬ್ಬನೇ ಸಾಕೆಂದು ಬಿಡುವುದು ಹೇಗೆ? ಬೀಳಗಿಯವನಿಗೂ ಜ್ವರ ಬಂದರೆ? ರನ್ನ ಬೆಳಗಲಿಯವನಿಗೂ ಕುದುರೆ ಹಾಡು ಹಾಡಿದೆ. ಕುದುರೆ ಹಾಡಿಗೆ ನಡುವೆ ನಾಲಿಗೆಯಿಂದ ಟಕ್ ಟಕ್ ಎನ್ನಿಸಬೇಕು, ಅದನ್ನೂ ಮಾಡಿದೆ, ನಗಬೇಡಿ. ಅವನೂ ಬುಧವಾರ ಹನ್ನೊಂದಕ್ಕೆ ಸರಿಯಾಗಿ ಆಸ್ಪತ್ರೆಗೆ ಬಂದ. ಬಂದವನ ಕೈಯಲ್ಲಿ ಒಂದು ದೊಡ್ಡ ಹೂವಿನ ಹಾರ. ಮುಖ ಬಾಡಿತ್ತು. ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದ.

"ಎಷ್ಟೊತ್ತಿಗಿ ಆತ್ರಿ?"

"ಏನು ಆತ್ರಿ?"

"ಫೋನಿನಾಗ ಹೇಳಾಕ ಮನಸು ಬಂದಿರಾಕಿಲ್ಲ ನಿಮಗ. ಕಾಕಾ ಇದ್ದಿದ್ರ ಮನಿ ಹೆಣ್ಣಮಕ್ಕಳು ಯಾಕ ಹಾಡ್ತಿದ್ರು? ನಮಗ ತಿಳೀತ್ರಿ."

ಅಷ್ಟರಲ್ಲಿ ವರಾಂಡದ ಆ ತುದಿಗೆ ನಡೆದುಹೋಗಿದ್ದ ಕಾಕಾ ಈ ತುದಿಗೆ ತಿರುಗಿ ಬಂದ. ಹಾರದವನು ಬೆಂಚು ಹಿಡಿದುಕೊಂಡ. ಇವನು ಹಾರವನ್ನೊಮ್ಮೆ, ಅವನ ಮುಖವನ್ನೊಮ್ಮೆ ನೋಡಿ ಪಾಟಿಯ ಮೇಲೆ ದೊಡ್ಡದಾಗಿ ಬರೆದು ಹಿಡಿದ: 'ಇನ್ನೂ ಇದ್ದೇನಿ.' ತಂದ ಹಾರವನ್ನು ಹಾಗೇ ಒಯ್ಯುವುದಕ್ಕೆ ಬರುತ್ತದೆಯೇ? ರಕ್ತ ಕೊಟ್ಟು ಹೊರಗೆ ಬಂದ ಬೀಳಗಿಯ ಟೆಂಪೊದವನ ಕೊರಳಿಗೆ ಹಾಕಿಸಿದೆವು. ಅವನು ಅದನ್ನು ತೆಗೆಯದೆ ಟೆಂಪೊ ಹತ್ತಿ ಹೋದ. ರನ್ನ ಬೆಳಗಲಿಯವನ ರಕ್ತ ಆ ದಿನ ತೆಗೆಸದೆ, ಅವನನ್ನು ಮುಂದಿನ ಸರದಿಗೆ ಉಳಿಸಿಕೊಂಡೆವು.

ದನಿ ಏನಾಯಿತು ಎಂದು ನೀವು ಕೇಳುತ್ತೀರಿ. ಬಂತು. ಮೊದಲಿನಷ್ಟು ಎತ್ತರಕ್ಕೆ ಹೋಗುವುದಿಲ್ಲ, ಮೇಲಿನ ಸಾಲಿಗೆ ಬಂದಾಗ ಜನರ ಕಡೆ ಮೈಕು ಚಾಚುತ್ತಾನೆ, ಜನ ಹಾಡುತ್ತಾರೆ. ಈಗ ಮಲಗಿದ ಕೂಸುಗಳು ಅವನ ಜೋಗುಳಕ್ಕೆ ಏಳುವುದಿಲ್ಲ, ಅಷ್ಟು ಲಾಭ. ಆದರೆ ಆ ದನಿ ಉಳಿದದ್ದು ನಾನು ಫೋನು ಕಸಿದ ಮಂಗಳವಾರವಲ್ಲ, ಗುರುವಾರ ಮುಂಜಾನೆ. ಅದನ್ನು ಹೇಳಿ ಮುಗಿಸುತ್ತೇನೆ.

ಗುರುವಾರ ನಾವಿಬ್ಬರೂ ಆಸ್ಪತ್ರೆಗೆ ಹೋದೆವು. ಕೂಸು ಎನ್ನುತ್ತ ಬಂದೆ, ಆ ಹುಡುಗಿಗೆ ಈಗ ಒಂಬತ್ತು ವರ್ಷ. ಹಾಸಿಗೆಯ ಮೇಲೆ ಕುಳಿತಿದ್ದಳು. ತುಟಿ, ಉಗುರು, ಅಂಗೈ ಎಲ್ಲ ಒಗೆದ ಬಟ್ಟೆಯಂತೆ ಬೆಳ್ಳಗಾಗಿದ್ದವು. ಹುಟ್ಟಿದಾಗಿನಿಂದ ಚುಚ್ಚಿಸಿಕೊಂಡು ಬಂದರೂ ಅವಳಿಗೆ ಸೂಜಿಯ ಹೆದರಿಕೆ ಹೋಗಿಲ್ಲ. ನರ ಬೇಗ ಸಿಗುವುದಿಲ್ಲ, ಎರಡು ಮೂರು ಕಡೆ ಚುಚ್ಚಬೇಕಾಗುತ್ತದೆ. ಅದಕ್ಕೇ ಪ್ರತಿ ಸರದಿಗೂ ಇವನು ಬಂದು ಹಾಸಿಗೆಯ ಪಕ್ಕದಲ್ಲಿ ನಿಂತು ಹಾಡುತ್ತಿದ್ದ. ಹಾಡು ಶುರುವಾದರೆ ಕೈ ಕೊಡುತ್ತಿದ್ದಳು, ಇಲ್ಲವಾದರೆ ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಳ್ಳುತ್ತಿದ್ದಳು. ಅಂದೂ ಹಾಗೇ ಬಚ್ಚಿಟ್ಟುಕೊಂಡಿದ್ದಳು.

"ಹಾಡ್ರಿ ಕಾಕಾ," ಎಂದರು ಸಿಸ್ಟರು. ಅವರಿಗೆ ಗೊತ್ತಿರಲಿಲ್ಲ. "ನೀವು ಹಾಡಲಿಲ್ಲಂದ್ರ ಈಕಿ ಕೈ ಕೊಡೂದಿಲ್ಲ."

ನಾನು ಬಾಗಿಲ ಹತ್ತಿರ ಇದ್ದೆ. ಫೋನಾದರೆ ಕಸಿದುಕೊಳ್ಳಬಹುದು, ಇಲ್ಲಿ ಏನನ್ನು ಕಸಿಯಲಿ? ಹಾಡಲೆಂದು ನಾನು ಮುಂದೆ ಬಂದೆ. ಅಷ್ಟು ಜನರ ನಡುವೆ ಗಂಟಲಿನಿಂದ ದನಿಯೇ ಹೊರಡಲಿಲ್ಲ. ಅವನು ನನ್ನನ್ನು ನೋಡಿದ, ಹುಡುಗಿಯನ್ನು ನೋಡಿದ, ಪಾಟಿಯನ್ನು ಹಾಸಿಗೆಯ ಮೇಲೆ ಇಟ್ಟ. ಎದೆ ತುಂಬ ಉಸಿರು ಎಳೆದುಕೊಂಡ.

"ಕಾಕಾಗ ಹಾಡಾಕ ಹಚ್ಚಬ್ಯಾಡ್ರಿ," ಎಂದಳು ಕೂಸಿನ ತಾಯಿ ಸಿಸ್ಟರಿಗೆ, ಗಾಬರಿಯಿಂದ. "ಗಂಟಲಾಗ ಗಾಯ ಆಗೇತ್ರಿ. ಈಗ ಹಾಡಿದ್ರ ಮುಂದ ಹಾಡಾಕ ಬರೂದ ಇಲ್ಲಂತ."

ಹುಡುಗಿ ಇವನ ಗಂಟಲನ್ನೇ ನೋಡಿದಳು.

"ನಿನಗೂ ಚುಚ್ಚಿದ್ರೇನು ಕಾಕಾ?"

ಹೌದೆಂದು ತಲೆಯಾಡಿಸಿದ.

"ನೋಯತೈತೇನು?"

ಅದಕ್ಕೂ ತಲೆಯಾಡಿಸಿದ.

"ಹಂಗಾರ ಸುಮ್ಮನಿರು."

ಬೆನ್ನ ಹಿಂದಿನಿಂದ ಎಡಗೈ ತೆಗೆದು ಅಂಗೈಯನ್ನು ಅವನ ಬಾಯಿಯ ಮೇಲೆ ಒತ್ತಿ ಇಟ್ಟಳು. ಬಲಗೈಯನ್ನು ತಾನಾಗಿ ಸಿಸ್ಟರ ಕಡೆ ಚಾಚಿ ಕಣ್ಣು ಮುಚ್ಚಿದಳು. ಮೊದಲ ಸಲ ನರ ಸಿಗಲಿಲ್ಲ. ಎರಡನೆಯ ಸಲವೂ ಸಿಗಲಿಲ್ಲ. ಅವಳು ತುಟಿ ಕಚ್ಚಿದಳೇ ಹೊರತು ಕೈ ಎಳೆದುಕೊಳ್ಳಲಿಲ್ಲ. ಮೂರನೆಯ ಸಲ ಸಿಕ್ಕಿತು.

ಸಿಸ್ಟರು ಸ್ಟೂಲು ತಂದು ಅವನ ಹಿಂದೆ ಇಟ್ಟರು. ಅವನು ಅವಳ ಕೈ ಜಾರದಂತೆ ಮೆಲ್ಲಗೆ ಅದರ ಮೇಲೆ ಕುಳಿತ. ಕುಳಿತವನು ಮತ್ತೆ ಏಳಲಿಲ್ಲ. ಮೇಲೆ ತೂಗುಹಾಕಿದ ಚೀಲದಿಂದ ಬೀಳಗಿಯವನ ರಕ್ತ ಹನಿಹನಿಯಾಗಿ ಇಳಿಯುತ್ತಿತ್ತು. ಅವಳಿಗೆ ನಿದ್ದೆ ಹತ್ತಿತು. ಮಧ್ಯಾಹ್ನದ ಹೊತ್ತಿಗೆ ಅವಳ ಅಂಗೈಗೆ ತುಸು ಬಣ್ಣ ಬರತೊಡಗಿತ್ತು. ಅದು ಇನ್ನೂ ಅವನ ಬಾಯಿಯ ಮೇಲೇ ಇತ್ತು.